ಮುರಿದ ಪಿನ್ನು ಎಲ್ಲಿಗೆ ಹೋಗುತ್ತೆ?

ಮೊದಲೇ ಹೇಳಿಬಿಡ್ತೀವಿ, ನಾವು ಕಳ್ಳರಲ್ಲ. ಆದ್ರೆ ಪಿಯುಸಿಯಿಂದ ಇಲ್ಲಿಯವರೆಗೆ ಮೂವರೂ ಸೇರಿ ಕಡಿಮೆ ಅಂದ್ರೂ ಎರಡು ಸಾವಿರ ಬೀಗ ತೆಗೆದಿದ್ದೇವೆ. ಕೋಟೆಯ ಬಾಗಿಲು, ವ್ಯಾಪಾರಿಯ ಪೆಟ್ಟಿಗೆ, ಗುಹೆಯೊಳಗಿನ ಸಮಾಧಿ, ಪಾಪದ ರೈತನ ಅಡುಗೆಮನೆ ಕಪಾಟು, ಯಾವುದನ್ನೂ ಬಿಟ್ಟಿಲ್ಲ. ಎಲ್ಲವೂ ಲ್ಯಾಪ್‌ಟಾಪ್ ಒಳಗೆ. ಲ್ಯಾಪ್‌ಟಾಪ್ ಹೊರಗೆ ನಾವು ತೆಗೆಯಲು ಹೋಗಿದ್ದು ಒಂದೇ ಒಂದು. ಅದರ ಕಥೆ ಹೇಳೋಕೇ ಈ ಲೇಖನ.

ನಾವು ಅಂದ್ರೆ ಹಾಸ್ಟೆಲಿನ ಒಂದೇ ರೂಮಿನ ಮೂರು ಜನ. ಒಬ್ಬ ತುಮಕೂರು ಕಡೆಯವ, ಒಬ್ಬ ಶಿರಸಿಯವ, ಇನ್ನೊಬ್ಬ ಘೋಡಗೇರಿಯವ. ಇದನ್ನು ಬರೀತಿರೋದು ಯಾರು ಅಂತ ಕೇಳಬೇಡಿ. ಟೈಪ್ ಮಾಡಿದವ ಒಬ್ಬ, ತಪ್ಪು ಮಾಡಿದವರು ಮೂವರು. ಮೂವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಆದ್ದರಿಂದ ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಬೇಕು. ಮೊದಲ ಸೆಮಿಸ್ಟರಿನ ಮೊದಲ ವಾರ ಘೋಡಗೇರಿಯವನು "ರೂಮಿಗೆ ಕೀಲಿ ಹಾಕ್ಕೊಂಡ್ ಬಾರೋ" ಅಂದಿದ್ದ. ತುಮಕೂರಿನವನು ಹೋಗಿ ಬೀಗಕ್ಕೆ ಕೀಲಿ ತೂರಿಸಿ, ಅಲ್ಲೇ ನೇತಾಡಲು ಬಿಟ್ಟು ಕ್ಲಾಸಿಗೆ ಬಂದ! ಅವನ ಕನ್ನಡದಲ್ಲಿ ಕೀಲಿ ಅಂದ್ರೆ ಬೀಗ ತೆಗೆಯುವ ಸಾಧನ, ಬೆಳಗಾವಿ ಜಿಲ್ಲೆಯ ಕನ್ನಡದಲ್ಲಿ ಕೀಲಿ ಅಂದ್ರೆ ಬೀಗವೇ. ಅವತ್ತು ರೂಮಲ್ಲಿ ಕದಿಯೋಕೆ ಏನೂ ಇರಲಿಲ್ಲ, ಬಚಾವ್.

ಈಗ ಆಟದ ವಿಷಯ. ಫ್ಯಾಂಟಸಿ ಆರ್‌ಪಿಜಿ ಆಡುವವರಿಗೆ ಗೊತ್ತು, ಬೀಗ ಕಂಡ ಕೂಡಲೇ ಕತ್ತಿ-ಮಂತ್ರ ಎಲ್ಲಾ ನಿಂತು ಒಂದು ಪುಟ್ಟ ಆಟ ತೆರೆದುಕೊಳ್ಳುತ್ತೆ. ಈ ಆಟದೊಳಗಿನ ಆಟ ಬೇಕೋ ಬೇಡವೋ ಅನ್ನೋದೇ ನಮ್ಮ ರೂಮಿನ ಕಾಯಂ ಜಗಳ.

ಶಿರಸಿಯವನದು 2011ರ ಸ್ಕೈರಿಮ್ ಪಕ್ಷ. ಅದರಲ್ಲಿ ಬೀಗ ಇಡೀ ಪರದೆ ತುಂಬುತ್ತೆ. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಚಾಕು. ಕಡ್ಡಿಯನ್ನು ಅರ್ಧ ವೃತ್ತದಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಿ ಚಾಕು ತಿರುಗಿಸಬೇಕು. ಜಾಗ ಸರಿಯಿದ್ದರೆ ಪೂರ್ತಿ ತಿರುಗುತ್ತೆ, ಹತ್ತಿರ ಇದ್ದರೆ ಸ್ವಲ್ಪ ತಿರುಗಿ ನಿಲ್ಲುತ್ತೆ, ದೂರ ಇದ್ದು ಒತ್ತಿದರೆ ಕಡ್ಡಿ ನಡುಗಿ ಟಕ್ ಅಂತ ಮುರಿಯುತ್ತೆ. ಕಷ್ಟದ ಮಟ್ಟ ಐದು. ಮೊದಲ ಮಟ್ಟದಲ್ಲಿ ಸರಿಯಾದ ಜಾಗ ಹಾಸಿಗೆಯಷ್ಟು ಅಗಲ, ಕೊನೆಯದರಲ್ಲಿ ಕೂದಲೆಳೆ. ಬಾಸ್ ಪ್ರಕಾರ (ಶಿರಸಿಯವನನ್ನು ಹಾಗೇ ಕರೆಯುತ್ತೇವೆ) ಇದರ ಮಜಾ ಇರೋದು ಕೈಯಲ್ಲಿ. ನೂರು ಬೀಗ ಆದ ಮೇಲೆ ಕಣ್ಣು ಬೇಕಾಗಲ್ಲ, ಕಂಟ್ರೋಲರ್ ನಡುಕದಲ್ಲೇ ಗೊತ್ತಾಗುತ್ತೆ.

ತುಮಕೂರಿನವನು ಇದನ್ನು ಒಪ್ಪಲ್ಲ. ಅವನ ವಾದ ನಿಜಕ್ಕೂ ಗಟ್ಟಿ. ಆರ್‌ಪಿಜಿಯಲ್ಲಿ ಬೀಗ ತೆಗೆಯೋದು ಯಾರು? ನಾನಾ, ನನ್ನ ಪಾತ್ರವಾ? ಸ್ಕೈರಿಮ್‌ನಲ್ಲಿ ಬೀಗದ ವಿದ್ಯೆ ಏನೂ ಕಲಿಯದ, ಗುಂಡಿಗೆ ಮಾತ್ರ ಇರುವ ಹೆಡ್ಡ ಯೋಧನೂ ನನ್ನ ಬೆರಳು ಚುರುಕಿದ್ದರೆ ಅತಿ ಕಷ್ಟದ ಬೀಗ ತೆಗೆದುಬಿಡುತ್ತಾನೆ. ಹಾಗಾದ್ರೆ ಆ ವಿದ್ಯೆಗೆ ಪಾಯಿಂಟ್ ಯಾಕೆ ಹಾಕಬೇಕು? ಅವನಿಗೆ 2023ರ ಬಾಲ್ಡರ್ಸ್ ಗೇಟ್ 3 ಇಷ್ಟ. ಅಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತೆ, ಪಾತ್ರದ ಕೈಚಳಕ ಅದಕ್ಕೆ ಸೇರುತ್ತೆ, ಅಷ್ಟೇ. ಸೋತರೆ ಸಾಮಾನು ಹಾಳಾಯ್ತು, ಇನ್ನೊಂದು ತಗೋ. 2002ರ ಮೊರೊವಿಂಡ್ ಕೂಡ ಹಾಗೇ ಇತ್ತಂತೆ, ಬೀಗದ ಮೇಲೆ ಕಡ್ಡಿ ಹಿಡಿದು ಕ್ಲಿಕ್ ಮಾಡಿದರೆ ಆಟವೇ ಒಳಗೆ ಲೆಕ್ಕ ಹಾಕಿ ತೆಗೆಯಿತೋ ಇಲ್ಲವೋ ಹೇಳುತ್ತಿತ್ತು. "ನಾನು ಗಾಂಡೀವ ಎತ್ತಲಾರೆ, ಆದ್ರೆ ನನ್ನ ಪಾತ್ರ ಅರ್ಜುನ ಆಗಿರಬಹುದಲ್ವಾ?" ಅಂತ ಕೇಳ್ತಾನೆ. ಇದಕ್ಕೆ ನಮ್ಮ ಹತ್ರ ಇವತ್ತಿಗೂ ಸರಿಯಾದ ಉತ್ತರ ಇಲ್ಲ.

ಘೋಡಗೇರಿಯವನ ಲ್ಯಾಪ್‌ಟಾಪ್ ಹಳೇದು. ಅವನಿಗೆ 2006ರ ಆಬ್ಲಿವಿಯನ್ ಬಿಟ್ಟರೆ ಗತಿಯಿರಲಿಲ್ಲ. ಆಮೇಲೆ ಅದೇ ಪ್ರೀತಿ ಆಯ್ತು. ಅದರಲ್ಲಿ ಐದು ಪಿನ್ನು ಅಡ್ಡ ಸಾಲಾಗಿ ಕಾಣುತ್ತವೆ. ಒಂದೊಂದನ್ನೇ ಮೇಲಕ್ಕೆ ತಳ್ಳಬೇಕು, ಅದು ಒಮ್ಮೆ ಸರ್ರನೆ ಹೋಗುತ್ತೆ, ಒಮ್ಮೆ ನಿಧಾನಕ್ಕೆ. ನಿಧಾನಕ್ಕೆ ಹೋದಾಗ ತುದಿಯಲ್ಲಿ ಹಿಡಿದು ಕೂರಿಸಬೇಕು. ನಮ್ಮಲ್ಲಿ ಉಳಿದಿಬ್ಬರಿಗೂ ಇದು ಹಲ್ಲು ಕೀಳಿಸಿಕೊಂಡ ಹಾಗೆ. ಬೇಸರ ಬಂದವರಿಗೆ ಅಂತ ಆಟವೇ ಒಂದು ಬಟನ್ ಕೊಟ್ಟಿದೆ, ಒತ್ತಿದರೆ ಅದೃಷ್ಟದ ಮೇಲೆ ಬಿಟ್ಟ ಹಾಗೆ. ಘೋಡಗೇರಿಯವ ಒತ್ತಲ್ಲ. "ಅದರಾಗ ಏನ್ ಮರ್ಯಾದಿ ಐತಿ?" ಅಂತಾನೆ.

ಮೂವರೂ ಒಟ್ಟಾಗಿ ಬೈಯುವ ಆಟವೂ ಇದೆ. 2023ರ ಹಾಗ್‌ವರ್ಟ್ಸ್ ಲೆಗಸಿ. ಹ್ಯಾರಿ ಪಾಟರ್ ಓದಿದವರಿಗೆ ಗೊತ್ತು, ಅಲೋಹೊಮೊರಾ ಅಂದ್ರೆ ಸಾಕು, ಬೀಗ ತಾನಾಗಿ ತೆಗೆದುಕೊಳ್ಳಬೇಕು. ಆಟದಲ್ಲಿ ಮಂತ್ರ ಹೇಳಿದ ಮೇಲೂ ಎರಡು ಚಕ್ರ ತಿರುಗಿಸಿ ಕೆಂಪು ಕಿಡಿ, ಹಸಿರು ಕಿಡಿ ಸರಿಯಾದ ಜಾಗಕ್ಕೆ ತರಬೇಕು. ಇದನ್ನೇ ಐವತ್ತು ಸಲ! ಮಂತ್ರವಾದಿಗೂ ಲ್ಯಾಬ್ ವೈವಾ ಇಟ್ಟ ಹಾಗಾಯ್ತು.

ಇಷ್ಟೆಲ್ಲಾ ತಿಳಿದವರು ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಘೋಡಗೇರಿಗೆ ಹೋದೆವು. ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಕಬ್ಬು ಕಡಿಯುವ ಕಾಲ. ದಾರಿ ತುಂಬಾ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ರಸ್ತೆ ಮೇಲೆಲ್ಲಾ ಕಬ್ಬಿನ ರವದಿ. ತುಮಕೂರಿನವನು ಮೊದಲ ದಿನ ತಿಂದ ರೊಟ್ಟಿ ಲೆಕ್ಕ ಇಟ್ಟ, ಎರಡನೇ ದಿನ ಬಿಟ್ಟ. ಗೋಕಾಕ ಜಲಪಾತ ನೋಡಿ ಬಂದೆವು. ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕುವ ನೀರು ಆಗ ಬಂಡೆ ಮೇಲೆ ನಾಲ್ಕೈದು ಬಿಳಿ ಎಳೆ ಅಷ್ಟೇ. ಬರುವಾಗ ಕರದಂಟು ಕಟ್ಟಿಸಿಕೊಂಡೆವು, ಮನೆ ಮುಟ್ಟುವಷ್ಟರಲ್ಲಿ ಅರ್ಧ ಖಾಲಿ.

ಆ ಮನೆಯ ನಡುಮನೆ ಮೂಲೆಯಲ್ಲಿ ಒಂದು ಟ್ರಂಕು ಇತ್ತು. ಹಸಿರು ಬಣ್ಣದ್ದು, ಬುಡ ತುಕ್ಕು ಹಿಡಿದಿತ್ತು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಪೇಟೆಗೆ ನೀರು ನುಗ್ಗಿತಲ್ಲ, ಆ ಮಳೆಯಲ್ಲಿ ಈ ಮನೆಯ ಗೋಡೆಗಳೂ ತೇವ ಹಿಡಿದಿದ್ದವಂತೆ, ಆಗಿನ ತುಕ್ಕು. ಮುಂದೆ ಒಂದು ಹಿತ್ತಾಳೆ ಕೀಲಿ, ಅಂಗೈ ಅಗಲ, ಮೇಲೆ ಅಲಿಗಢ ಅಂತ ಅಚ್ಚು, ಕೆಳಗೆ 6 ಲಿವರ್ಸ್. ಅಜ್ಜನ ಟ್ರಂಕು. ಅಜ್ಜ ತೀರಿ ಎರಡು ವರ್ಷ. ಕೀಲಿಕೈ ಎಲ್ಲಿಟ್ಟಿದ್ದರೋ ಯಾರಿಗೂ ಗೊತ್ತಿಲ್ಲ. ಒಳಗೆ ಹೊಲದ ಹಳೇ ಕಾಗದಪತ್ರ ಇವೆ, ಅವು ಬೇಕು ಅಂತ ಕಾಕಾ ಎರಡು ವರ್ಷದಿಂದ ಕೇಳುತ್ತಿದ್ದರು. ಒಡೆದುಬಿಡೋಣ ಅಂದಾಗಲೆಲ್ಲ ಆಯಿ "ತಡೀರಿ, ಕೀಲಿಕೈ ಇಲ್ಲೇ ಎಲ್ಲೆರ ಸಿಗತೈತಿ" ಅನ್ನುತ್ತಿದ್ದರಂತೆ. ಊಟದ ಹೊತ್ತಿಗೆ ಈ ಮಾತು ಬಂತು, ಹೋಯಿತು. ನಮಗೆ ಮಾತ್ರ ಟ್ರಂಕಿನ ಮೇಲೆ ಕ್ವೆಸ್ಟ್ ಬಾಣ ಮಿನುಗಿದ ಹಾಗಾಯ್ತು.

ಯಾರೂ ನಮ್ಮನ್ನು ಕೇಳಿರಲಿಲ್ಲ. ಇದನ್ನು ಬರೆದಿಡಬೇಕು.

ಮರುದಿನ ಮಧ್ಯಾಹ್ನ ಗಂಡಸರು ಹೊಲಕ್ಕೆ, ಆಯಿ ಗುಡಿಗೆ. ತಂಗಿಯ ಡಬ್ಬಿಯಿಂದ ಮೂರು ತಲೆಪಿನ್ನು, ಹೊಲಿಗೆ ಮಷಿನಿನ ಸಣ್ಣ ಸ್ಕ್ರೂಡ್ರೈವರು. ಬಾಸ್ ಸ್ಕೈರಿಮ್ ಶೈಲಿಯಲ್ಲಿ ಕೂತ. ಸ್ಕ್ರೂಡ್ರೈವರಿನಿಂದ ಸ್ವಲ್ಪ ತಿರುಗು ಒತ್ತಡ ಕೊಟ್ಟು ಪಿನ್ನಿನಿಂದ ಒಳಗೆ ತಡಕಾಡಿದ. ಏನೂ ನಡುಗಲಿಲ್ಲ. ಕೈಗೆ ಏನೂ ಗೊತ್ತಾಗಲಿಲ್ಲ. ಘೋಡಗೇರಿಯವನು ಆಬ್ಲಿವಿಯನ್ ಪಂಡಿತ, ಒಳಗೆ ಏನೋ ಎತ್ತಿದ ಹಾಗಾಯ್ತು, ಬಿಟ್ಟ ಕೂಡಲೇ ಬಿತ್ತು. ತುಮಕೂರಿನವನು ದಾಳ ಉರುಳಿಸಿದ ಹಾಗೆ ಪಕ್ಕದಲ್ಲಿ ನಿಂತು "ಈಗ ಆಗುತ್ತೆ, ಈಗ ಆಗುತ್ತೆ" ಅಂತಿದ್ದ. ಮುಕ್ಕಾಲು ಗಂಟೆ ಆಯ್ತು. ಮೂರನೇ ಪಿನ್ನು ಟಕ್ ಅಂತು.

ಆ ಟಕ್ ನಮಗೆ ಚೆನ್ನಾಗಿ ಗೊತ್ತಿರುವ ಸದ್ದು. ಸ್ಕೈರಿಮ್‌ನಲ್ಲಿ ಅದಾದ ಮೇಲೆ ಮುರಿದ ಕಡ್ಡಿ ಮಾಯ, ಲೆಕ್ಕದಲ್ಲಿ ಒಂದು ಕಡಿಮೆ, ಕೈಯಲ್ಲಿ ಹೊಸದು. ಮುರಿದದ್ದಕ್ಕೂ ಒಂಚೂರು ಅನುಭವದ ಪಾಯಿಂಟ್ ಕೊಡ್ತಾರೆ! ಮುರಿದ ತುಂಡು ಎಲ್ಲಿಗೆ ಹೋಗುತ್ತೆ ಅಂತ ಎರಡು ಸಾವಿರ ಬೀಗದಲ್ಲಿ ಒಂದು ಸಲವೂ ನಾವು ಯೋಚಿಸಿರಲಿಲ್ಲ. ಇಲ್ಲಿ ಅದು ಕೀಲಿಯೊಳಗೇ ಇತ್ತು. ಟಾರ್ಚ್ ಹಾಕಿದರೆ ಕಪ್ಪು ತುದಿ ಕಾಣುತ್ತೆ, ಹಿಡಿಯೋಕೆ ಸಿಗಲ್ಲ. ಟ್ರಂಕನ್ನೇ ಬೋರಲು ಹಾಕಿ ಅಲುಗಾಡಿಸಿದೆವು. ಹಳೇ ಸ್ಪೀಕರಿನ ಅಯಸ್ಕಾಂತ ತಂದು ಹಿಡಿದೆವು. ಪಿನ್ನು ಉಕ್ಕು, ಕೀಲಿ ಹಿತ್ತಾಳೆ, ಥಿಯರಿ ಪ್ರಕಾರ ಬರಲೇಬೇಕು. ಬರಲಿಲ್ಲ, ಪಟ್ಟಿಗಳ ನಡುವೆ ಸಿಕ್ಕಿಕೊಂಡಿತ್ತು. ಟ್ರಂಕನ್ನು ಇದ್ದ ಹಾಗೇ ಇಟ್ಟು, ಹೊರಗೆ ಕಟ್ಟೆ ಮೇಲೆ ಕೂತು, ಮೊಬೈಲ್ ನೋಡುತ್ತಿರುವ ಮುಖ ಮಾಡಿದೆವು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯಲು ಎದ್ದವನು ಒಬ್ಬ, ಅವನ ಹಿಂದೆ ಉಳಿದಿಬ್ಬರು. ನಡುಮನೆಯಲ್ಲಿ ಸಣ್ಣ ದೀಪ ಇತ್ತು. ಆಯಿ ಟ್ರಂಕಿನ ಮುಂದೆ ಕೂತಿದ್ದರು. ಕೈಯಲ್ಲಿ ಕೀಲಿಕೈ.

ಅದು ಎರಡು ವರ್ಷದಿಂದ ಜೋಳದ ಡಬ್ಬಿಯ ತಳದಲ್ಲಿತ್ತು ಅಂತ ಆಮೇಲೆ ಗೊತ್ತಾಯ್ತು. ಆ ಹೊತ್ತಿಗೆ ನಾವು ನೋಡಿದ್ದು ಇಷ್ಟೇ: ಆಯಿ ಕೀಲಿಕೈ ಒಳಗೆ ತೂರಿಸ್ತಾರೆ, ಅರ್ಧಕ್ಕೆ ನಿಲ್ಲುತ್ತೆ. ಹೊರಗೆ ತೆಗೆದು ಸೆರಗಿನಿಂದ ಒರೆಸಿ ಮತ್ತೆ ತೂರಿಸ್ತಾರೆ, ಮತ್ತೆ ಅಲ್ಲೇ ನಿಲ್ಲುತ್ತೆ. ನಾಲ್ಕೈದು ಸಲ. ಅವಸರ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆಮೇಲೆ ತಿರುಗಿ ನಮ್ಮನ್ನು ನೋಡಿದರು.

"ಇದರಾಗ ಏನರ ಹಾಕೀರೇನು?"

ಮೂವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಕೊನೆಗೆ ಮೊಮ್ಮಗನೇ "ಪಿನ್ನ ಮುರದೈತಿ ಆಯಿ" ಅಂದ.

ಆಯಿ ಬೈದಿದ್ದರೆ ಚೆನ್ನಾಗಿತ್ತು. "ಹೂಂ" ಅಂದು ಗೋಡೆಗೆ ಒರಗಿ ಕೂತರು. ಆಮೇಲೆ ನಿಧಾನಕ್ಕೆ ಹೇಳಿದ್ದು: "ಕಾಗದ ಹೊರಗ ಬಂದ್ರ ಹೊಲ ಎರಡ ಆಗತೈತಿ. ಅದಕ್ಕ ಇಟ್ಕೊಂಡಿದ್ನಿ. ಇನ್ನೊಂದ ವರ್ಷ ಹೋಗಲಿ, ನಾನೂ ಹೋದ ಮ್ಯಾಲ ಏನರ ಮಾಡ್ಕೋಲಿ ಅಂತ." ಎಲ್ಲರೂ ಮಲಗಿದ ಮೇಲೆ ಅವರು ಆಗಾಗ ಟ್ರಂಕು ತೆಗೆದು ನೋಡಿ ಮತ್ತೆ ಹಾಕಿಡುತ್ತಿದ್ದರಂತೆ. ಎರಡು ವರ್ಷ ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಈಗ ಕೀಲಿಕೈ ಇದ್ದೂ ತೆಗೆಯೋಕಾಗಲ್ಲ. ತೆಗೆಸಬೇಕಂದ್ರೆ ಹೊರಗಿನವರನ್ನು ಕರೆಯಬೇಕು, ಕರೆದರೆ ಎಲ್ಲರ ಮುಂದೆ ಕರೆಯಬೇಕು.

ಬೆಳಿಗ್ಗೆ ಚಹಾ ಹೊತ್ತಿಗೆ ಆಯಿಯೇ ಕಾಕಾಗೆ "ಕೀಲಿಕೈ ಸಿಕ್ಕೈತಿ, ಜೋಳದ ಡಬ್ಬ್ಯಾಗ ಬಿದ್ದಿತ್ತ. ಆದ್ರ ಕೀಲಿ ಒಳಗ ತುಕ್ಕ ಹಿಡದೈತಿ, ಯಾರನ್ನರ ಕರಿ" ಅಂದರು. ನಮ್ಮ ಹೆಸರು ಎತ್ತಲಿಲ್ಲ. ನಾವೂ ಅವರ ಎರಡು ವರ್ಷದ ವಿಷಯ ಎತ್ತಲಿಲ್ಲ. ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಕೀಲಿ ರಿಪೇರಿಯವರು ಸೈಕಲ್ ಮೇಲೆ ಬಂದರು, ಹ್ಯಾಂಡಲ್‌ಗೆ ಒಂದು ಚೀಲ, ತಂತಿಗೆ ಪೋಣಿಸಿದ ನೂರಾರು ಹಳೇ ಕೀಲಿಕೈ. ಬಂದವರು ಟ್ರಂಕು ಮುಟ್ಟಲಿಲ್ಲ. "ಮನಿ ಹಿರೇರು ಯಾರ್ರಿ? ಅವರ ಮುಂದ ತೆಗಿತೀನಿ, ಅವರು ಹೂಂ ಅಂದ್ರ." ಆಯಿ ಬಂದು ಎದುರು ಕೂತು ಹೂಂ ಅಂದ ಮೇಲೆಯೇ ಚೀಲ ಬಿಚ್ಚಿದರು. ನಾವು ಆಡಿದ ಯಾವ ಆಟದಲ್ಲೂ ಬೀಗ ತೆಗೆಯುವ ಮುಂಚೆ ಹೀಗೆ ಯಾರನ್ನೂ ಕೇಳಿದ್ದಿಲ್ಲ. ಸ್ಕೈರಿಮ್‌ನಲ್ಲಿ ಬೇರೆಯವರ ಬೀಗ ಆದರೆ ಅಕ್ಷರ ಕೆಂಪಗಾಗುತ್ತೆ. ಅದರ ಅರ್ಥ ಬೇಡ ಅಂತಲ್ಲ, ಯಾರೂ ನೋಡದಿದ್ದಾಗ ಮಾಡು ಅಂತ.

ಸೀಮೆಎಣ್ಣೆ ಎರಡು ಹನಿ, ಕೀಲಿಯ ಬೆನ್ನಿಗೆ ಕಟ್ಟಿಗೆ ತುಂಡಿನಿಂದ ಮೆಲ್ಲಗೆ ಏಟು, ತುದಿ ಬಾಗಿದ ತಂತಿ. ಹತ್ತು ನಿಮಿಷಕ್ಕೆ ಪಿನ್ನಿನ ತುಂಡು ಅವರ ಅಂಗೈಯಲ್ಲಿತ್ತು. ಅದನ್ನು ನೋಡಿದರು, ನಮ್ಮನ್ನು ನೋಡಿದರು, ಕಾಕಾನ ಕಡೆ ನೋಡದೇ ಜೇಬಿಗೆ ಹಾಕಿಕೊಂಡರು. ಆ ಮನುಷ್ಯನಿಗೆ ನಾವು ಋಣಿ.

ಕಾಕಾ ಒಳಗೆ ಹೋದಾಗ ಅವರ ಹತ್ತಿರ ಕೂತು ಕೇಳಿದೆವು, ನಾವು ಮಾಡಿದ್ದರಲ್ಲಿ ತಪ್ಪೇನು ಅಂತ. ಎಲ್ಲಾ ತಪ್ಪೇ. ಈ ಕೀಲಿಯಲ್ಲಿ ಪಿನ್ನುಗಳೇ ಇಲ್ಲ. ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಪಿನ್ನಿನ ಬೀಗ ಬೇರೆ, ಆಬ್ಲಿವಿಯನ್ ಸ್ವಲ್ಪ ಮಟ್ಟಿಗೆ ತೋರಿಸೋದು ಅದನ್ನೇ. ಇಲ್ಲಿ ಇರೋದು ಒಂದರ ಮೇಲೊಂದು ಆರು ತೆಳು ಪಟ್ಟಿ, ಪ್ರತಿಯೊಂದಕ್ಕೂ ಸ್ಪ್ರಿಂಗು, ಪ್ರತಿಯೊಂದರಲ್ಲೂ ಒಂದು ಸಂದು. ಸರಿಯಾದ ಕೀಲಿಕೈ ಒಂದೊಂದು ಪಟ್ಟಿಯನ್ನೂ ಅದಕ್ಕೆ ಬೇಕಾದಷ್ಟೇ ಎತ್ತಿದಾಗ ಆರೂ ಸಂದು ಒಂದೇ ಸಾಲಿಗೆ ಬರುತ್ತವೆ, ಬೋಲ್ಟಿನ ಗೂಟ ಅದರಲ್ಲಿ ಜಾರುತ್ತೆ. ಕಡಿಮೆ ಎತ್ತಿದರೂ ತೆಗೆಯಲ್ಲ, ಹೆಚ್ಚು ಎತ್ತಿದರೂ ತೆಗೆಯಲ್ಲ. ನಾವು ಒಂದೇ ಪಿನ್ನಿನಿಂದ ಆರಕ್ಕೂ ತಿವಿಯುತ್ತಿದ್ದೆವು. ಕೀಲಿಕೈ ಇಲ್ಲದೇ ನೀವು ಹೇಗೆ ತೆಗೀತೀರಿ ಅಂದಾಗ, ಖಾಲಿ ಕೀಲಿಕೈಗೆ ಮೇಣದಬತ್ತಿ ಮಸಿ ಹಿಡಿಸಿ, ಒಳಗೆ ಹಾಕಿ ಒತ್ತಿ, ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ಅರದಿಂದ ಉಜ್ಜುತ್ತಾ ಹೋಗ್ತೀನಿ ಅಂದರು. ಉಜ್ಜೋದು ಎಷ್ಟು ಅಂತ ಕೇಳಿದ್ದಕ್ಕೆ ನಕ್ಕರು, ಹೇಳಲಿಲ್ಲ.

ಹಾಸ್ಟೆಲಿಗೆ ಬಂದ ಮೇಲೆ ಓದಿದ್ದು: 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಹೊತ್ತಿಗೆ ಆಲ್ಫ್ರೆಡ್ ಹಾಬ್ಸ್ ಅನ್ನುವ ಅಮೆರಿಕದವನು ಯಾರೂ ತೆಗೆಯಲಾರದ ಬೀಗಗಳು ಅಂತ ಹೆಸರಾಗಿದ್ದ ಎರಡನ್ನು ತೆಗೆದು ತೋರಿಸಿದ. ಚಬ್ ಕಂಪನಿಯ ಲಿವರ್ ಬೀಗ 25 ನಿಮಿಷ, ಬ್ರಾಮಾ ಬೀಗ 16 ದಿನಗಳಲ್ಲಿ ಹಂಚಿಕೊಂಡು 51 ಗಂಟೆ. 51 ಗಂಟೆ ಒಂದೇ ಬೀಗ! ಅದರಲ್ಲಿ ನಮಗೆ ತಟ್ಟಿದ್ದು ಚಬ್ ಬೀಗ. 1818ರ ಆ ಬೀಗದಲ್ಲಿ ಯಾವನಾದರೂ ತಪ್ಪು ಕೈ ಹಾಕಿ ಒಂದು ಪಟ್ಟಿಯನ್ನು ಹೆಚ್ಚು ಎತ್ತಿದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತೆ. ಆಮೇಲೆ ಯಜಮಾನ ತನ್ನ ಕೀಲಿಕೈ ಹಾಕಿದಾಗ ಸಲೀಸಾಗಿ ತಿರುಗಲ್ಲ, ಯಾರೋ ಮುಟ್ಟಿದ್ದಾರೆ ಅಂತ ಅವನಿಗೆ ಗೊತ್ತಾಗುತ್ತೆ. ಓದುತ್ತಾ ಮೂವರಿಗೂ ಆ ಸಣ್ಣ ದೀಪ ನೆನಪಾಯ್ತು, ಯಾರೂ ಹೇಳಿಕೊಳ್ಳಲಿಲ್ಲ.

ಟ್ರಂಕಿನಲ್ಲಿ ಏನಿತ್ತು ಅಂತ ಕೇಳ್ತೀರಿ. ಕಾಕಾಗೆ ಬೇಕಾದ ಕಾಗದ ಇತ್ತು. ಕಾರ್ಖಾನೆಯ ಕಬ್ಬಿನ ತೂಕದ ಚೀಟಿಗಳು, ವರ್ಷವಾರು ದಾರ ಕಟ್ಟಿ ಇಟ್ಟವು. ಒಂದು ಬಿಳಿ ಟೊಪ್ಪಿಗೆ. ಒಂದು ಎಲಿ-ಅಡಕಿ ಸಂಚಿ. ಕಾಗದ ಕಾಕಾ ತಗೊಂಡರು, ಸಂಚಿ ಆಯಿ ತಗೊಂಡು ಮೂಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಟದಲ್ಲಾದರೆ ಬಂಗಾರದ ನಾಣ್ಯ ಹನ್ನೆರಡು, ಒಂದು ಔಷಧಿ ಬಾಟಲಿ ಸಿಗುತ್ತಿತ್ತು.

ಹೊಲದ ವಾಟ್ನಿ ಮಾತು ಶುರುವಾಗಿದೆ. ಮನೆಯಲ್ಲಿ ಕಾಕಾ ಮತ್ತು ಅಪ್ಪ ಮಾತಾಡೋದು ಕಡಿಮೆಯಾಗಿದೆ. ನಮ್ಮ ಪಿನ್ನು ಮುರಿಯದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಘೋಡಗೇರಿಯವನು ಕೆಲವೊಮ್ಮೆ ಕೇಳ್ತಾನೆ. ಒಂದು ವರ್ಷ ಮುಂದೆ ಹೋಗುತ್ತಿತ್ತು ಅಂತ ಉಳಿದಿಬ್ಬರು ಹೇಳ್ತೇವೆ. ಒಂದು ವರ್ಷ ಅಂದ್ರೆ ಕಡಿಮೆಯೇನಲ್ಲ ಅಂತ ಅವನು.

ರೂಮಿನ ಜಗಳ ಮಾತ್ರ ಹೊಸ ದಾರಿ ಹಿಡಿದಿದೆ. ಮುರಿದ ಕಡ್ಡಿ ಬೀಗದೊಳಗೇ ಉಳಿಯುವ ಆಟ ಬರಬೇಕು ಅಂತ ಘೋಡಗೇರಿಯವನ ಪಟ್ಟು. ಹಾಗೆ ಮಾಡಿದರೆ ಎಲ್ಲರೂ ಸೇವ್ ಹಿಂದಕ್ಕೆ ಲೋಡ್ ಮಾಡ್ತಾರೆ ಅಷ್ಟೇ ಅಂತ ತುಮಕೂರಿನವನು, ಅದೂ ನಿಜ. ಫ್ಯಾಂಟಸಿ ಅಲ್ಲದ 2008ರ ಫಾಲ್‌ಔಟ್ 3ರಲ್ಲಿ ಬೀಗವನ್ನು ಬಲವಂತ ಮಾಡಿ ಸೋತರೆ ಅದು ಕಾಯಂ ಕೆಟ್ಟು ಹೋಗುತ್ತೆ, ಆಮೇಲೆ ಅದರ ಕೀಲಿ ಸಿಕ್ಕರೆ ಮಾತ್ರ ತೆಗೆಯುತ್ತೆ. ಅಲ್ಲಿ ನಾವು ಮೂವರೂ ಸೇವ್ ಲೋಡ್ ಮಾಡಿದವರೇ. ಬಾಸ್ ಈಗ 1998ರ ಥೀಫ್ ಆಡುತ್ತಿದ್ದಾನೆ. ಅದರಲ್ಲಿ ಬೀಗಕ್ಕೆ ಬೇರೆ ಪರದೆ ಇಲ್ಲ, ಸಮಯ ನಿಲ್ಲಲ್ಲ, ಬಾಗಿಲ ಮುಂದೆ ಕಡ್ಡಿ ಹಿಡಿದು ನಿಂತಿರುವಾಗ ಹಿಂದೆ ಕಾವಲುಗಾರನ ಹೆಜ್ಜೆ ಸದ್ದು ಕೇಳುತ್ತಿರುತ್ತೆ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ವಾಸಿ. ಪುಟ್ಟ ಆಟ ಚೆನ್ನಾಗಿದೆಯೋ ಇಲ್ಲವೋ ಆಮೇಲಿನ ಮಾತು, ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ ಅನ್ನೋದನ್ನು ಅದು ಮರೆಯೋಕೆ ಬಿಡಲ್ಲ.

ಇದನ್ನು ಪತ್ರಿಕೆಗೆ ಕೊಡುವ ಮುಂಚೆ ಆಯಿಗೆ ಫೋನ್ ಮಾಡಿ ಬರೀಬಹುದಾ ಅಂತ ಕೇಳಿದೆವು. ಕೀಲಿಕೈ ಎಲ್ಲಿತ್ತು, ಕೀಲಿ ಯಾಕೆ ಕೆಟ್ಟಿತು ಎರಡನ್ನೂ ಅವರು ಆಮೇಲೆ ತಾವೇ ಮನೆಯಲ್ಲಿ ಹೇಳಿಬಿಟ್ಟಿದ್ದರು. "ಬರೀರಿ, ಈಗೇನ ಮುಚ್ಚೂದೈತಿ" ಅಂದರು. ಸ್ಪೀಕರ್ ಹಾಕಿದ್ದರಿಂದ ಹಿಂದೆ ಲ್ಯಾಪ್‌ಟಾಪ್‌ನಲ್ಲಿ ಕಡ್ಡಿ ಮುರಿದ ಸದ್ದು ಅವರಿಗೂ ಕೇಳಿಸಿತು.

"ಮತ್ತ ಅದನ್ನ ಮಾಡಾಕತ್ತೀರೇನು?"

"ಆಟ ಆಯಿ, ಕಂಪ್ಯೂಟರಿನಾಗ."

"ಆ ಮನ್ಯಾಗಿನ ಮಂದಿ ಏನ ಅನ್ನೂದಿಲ್ಲ?"

"ಅವರು ಮಲ್ಕೊಂಡಿರ್ತಾರ, ಆಯಿ."

"ಹೂಂ" ಅಂದರು ಆಯಿ. ಆಮೇಲೆ ಊಟ ಆಯ್ತೇನು ಅಂತ ಕೇಳಿದರು.